ಇನ್ನೋವಾ ಹಿಂದೆ ಹಾಯಿದೋಣಿ: ಮಂಗಳೂರಿನ ಕಾವೂರು ಅಂಗಳದಲ್ಲಿ ಟ್ರೈಲರ್ ರಿಪೇರಿ

ದೋಣಿ ಬರೀ 145 ಕೆಜಿ. ನಮ್ಮ ಇನ್ನೋವಾದ ನಡುಸೀಟಲ್ಲಿ ಮೂರು ಜನ ಕೂತ್ರೆ ಅದಕ್ಕಿಂತ ಜಾಸ್ತಿ ಆಗ್ತದೆ. ಹಾಗಾಗಿ ಗೋವಾದಲ್ಲಿ ಒಬ್ರ ಹತ್ರ ಈ ಹಳೆ ಹೋಬಿ 16 ನೋಡಿ ಇಷ್ಟ ಆಗಿ ತಗೊಳ್ಳುವಾಗ ಎಳ್ಕೊಂಡು ಹೋಗುದರ ಬಗ್ಗೆ ನಾನು ಜಾಸ್ತಿ ಯೋಚನೆ ಮಾಡ್ಲಿಲ್ಲ, 2494 ಸಿಸಿ ಡೀಸೆಲ್ ಇಂಜಿನ್ ಉಂಟು, ಹಿಂದಿನ ಚಕ್ರಕ್ಕೆ ಪವರ್, ಕೆಳಗೆ ಲಾರಿ ತರ ಗಟ್ಟಿ ಚಾಸಿ ಉಂಟು, ಇನ್ನೆಂತ ಬೇಕು ಅಂತ. ದೀಪಾವಳಿ ಕಳೆದು ದೋಣಿ ಬಂತು, ಈಗ ಮಳೆಗಾಲ ಶುರು ಆಗಿದೆ. ಈ ಏಳು ತಿಂಗಳಲ್ಲಿ ಕಾರಿಗೆ ಮಾಡಿದ ಕೆಲಸ ಒಂದು ದಿನದ್ದು ಮಾತ್ರ, ಉಳಿದದ್ದೆಲ್ಲ ಟ್ರೈಲರಿಗೆ. ಯಾರಾದ್ರೂ ನಮ್ಮ ಕಡೆ ಇಂಥ ಸಣ್ಣ ಹಾಯಿದೋಣಿ ಮನೆಯಲ್ಲಿಟ್ಟು ವಾರಕ್ಕೊಮ್ಮೆ ನೀರಿಗೆ ಹಾಕುವ ಅಂತ ಇದ್ರೆ ನಿಮ್ಮ ದುಡ್ಡು ಮತ್ತು ಭಾನುವಾರ ಎಲ್ಲಿ ಹೋಗ್ತದೆ ಅಂತ ಗೊತ್ತಾಗ್ಲಿ, ಅದಕ್ಕೆ ಬರೀತಾ ಇದ್ದೇನೆ.

ಮೊದಲು ದೋಣಿ ಎಂಥದು ಅಂತ ಹೇಳ್ತೇನೆ. ಎರಡು ತೆಳ್ಳಗಿನ ಫೈಬರ್ ಹಲ್ (ನೀರಲ್ಲಿ ತೇಲುವ ದೋಣಿಯ ಒಡಲು), ಬಾಳೆಕಾಯಿ ತರ ಬಾಗಿದ್ದು, ನಡುವೆ ಅಲ್ಯೂಮಿನಿಯಂ ಫ್ರೇಮಿಗೆ ಬಿಗಿದು ಕಟ್ಟಿದ ಬಟ್ಟೆ, ಅದರ ಮೇಲೆ ಕೂರುದು. ಕ್ಯಾಲಿಫೋರ್ನಿಯಾದಲ್ಲಿ ಸರ್ಫ್‌ಬೋರ್ಡ್ ಮಾಡ್ತಿದ್ದ ಹೋಬಿ ಆಲ್ಟರ್ ಅನ್ನುವವರ ಡಿಸೈನ್. ಅಡಿಯಲ್ಲಿ ಇಳಿಸುವ ಹಲಗೆ ಗಿಲಗೆ ಎಂತ ಇಲ್ಲ, ಸೀದಾ ಮರಳಿಗೆ ಹತ್ತಿಸ್ಬಹುದು, ಅದಕ್ಕೇ ನಮ್ಮ ಕಡಲಿಗೆ ಇದು ಒಳ್ಳೆದಾಗ್ತದೆ ಅಂತ ನನ್ನ ಲೆಕ್ಕ. ಉದ್ದ 5.04 ಮೀಟರ್, ಅಗಲ 2.41 ಮೀಟರ್, ಮಾಸ್ಟ್, ಅಂದ್ರೆ ಹಾಯಿ ಕಟ್ಟುವ ಕಂಬ, 8.08 ಮೀಟರ್. ಈ ಮೂರು ಅಳತೆಯನ್ನು ತಗೊಳ್ಳುವ ಮೊದ್ಲೇ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ ದಿನಾ ನೋಡ್ಬೇಕಿತ್ತು, ಯಾಕಂದ್ರೆ ಆಮೇಲೆ ಬಂದ ತಾಪತ್ರಯ ಎಲ್ಲ ಈ ಅಳತೆಯದ್ದೇ, ತೂಕದ್ದಲ್ಲ. ದೋಣಿಗಿಂತ ಮಾಸ್ಟೇ ಮೂರು ಮೀಟರ್ ಉದ್ದ. ಅಗಲ ನೋಡಿದ್ರೆ ಇನ್ನೋವಾಗಿಂತ ಎರಡೂ ಕಡೆ ಒಂದೊಂದು ಗೇಣಿಗಿಂತ ಜಾಸ್ತಿ ಹೊರಗೆ.

ಗೋವಾದಿಂದ ಖಾಲಿ ವಾಪಸ್ ಬರ್ತಿದ್ದ ಲಾರಿಯಲ್ಲಿ ದೋಣಿ, ಅದರ ಟ್ರೈಲರ್ ಎರಡೂ ಹಾಕಿ ತಂದದ್ದು. ಟ್ರೈಲರಿಗೆ ನಂಬರ್, ಆರ್‌ಸಿ ಎಲ್ಲ ಇತ್ತು, ಅದು ನಮ್ಮ ಪುಣ್ಯ. ಟ್ರೈಲರ್ ಅಂದ್ರೆ ಕಾರಿನ ಬಾಲ ಅಲ್ಲ, 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಅದಕ್ಕೇ ಬೇರೆ ವ್ಯಾಖ್ಯೆ ಉಂಟು, ಅದೂ ರಿಜಿಸ್ಟರ್ ಆಗಿರ್ಬೇಕು. ಹೆಸರು ಬದಲಾಯಿಸ್ಲಿಕ್ಕೆ ನಾಲ್ಕು ಸಲ ಆರ್‌ಟಿಒಗೆ ಹೋಗಿ ಬಂದೆ, ಆಮೇಲೆ ಆಕ್ಸಲ್ ಸರಿಸಿದ ಮೇಲೆ ಅದನ್ನೂ ತೋರಿಸಿ ಬರೆಸಿಕೊಂಡೆ. ಕಾಗದ ಸರಿ ಇಲ್ಲದೆ ರಸ್ತೆಗೆ ಇಳಿಸ್ಬೇಡಿ, ಏನಾದ್ರೂ ಆದ್ರೆ ಇನ್ಶೂರೆನ್ಸಿನವ್ರು ಮೊದ್ಲು ಕೇಳುದೇ ಅದನ್ನು.

ಟ್ರೈಲರ್ ಅಂಗಳದಲ್ಲಿ ಇಳಿಸಿದ ದಿನ ಭಾವ ಬಂದಿದ್ರು. ಅವರಿಗೆ ಬೈಕಂಪಾಡಿಯಲ್ಲಿ ಫ್ಯಾಬ್ರಿಕೇಶನ್ ಕೆಲಸದಲ್ಲಿ ಮೂವತ್ತು ವರ್ಷದ ಅನುಭವ. ಅವ್ರು ಪೇಂಟ್ ನೋಡ್ಲೇ ಇಲ್ಲ, ಸಣ್ಣ ಸುತ್ತಿಗೆ ತಗೊಂಡು ಮುಂದಿನ ಮೂತಿಯಿಂದ ಹಿಂದಿನ ತನಕ ಅರ್ಧ ಅಡಿಗೊಮ್ಮೆ ಬಡಿತಾ ಹೋದ್ರು. ಟಣ್, ಟಣ್, ಟಣ್. ಮೂತಿಯ ಬಾಕ್ಸ್ ಪೈಪಿನಲ್ಲಿ, ಅಡ್ಡ ಪಟ್ಟಿ ವೆಲ್ಡ್ ಆದ ಜಾಗದ ಹತ್ರ, ಡಬ್ ಅಂತ ಸತ್ತ ಶಬ್ದ ಬಂತು. "ಇಲ್ಲಿ ಒಳಗೆ ಎಂತ ಉಳಿದಿಲ್ಲ ಭಾವ" ಅಂದ್ರು. ಸುತ್ತಿಗೆಯ ಚೂಪು ಕಡೆಯಿಂದ ಇನ್ನೊಂದು ಪೆಟ್ಟು ಹಾಕಿದಾಗ ಹೊಸ ನೀಲಿ ಪೇಂಟಿನ ಸಮೇತ ಹಪ್ಪಳದ ಹಾಗೆ ಒಳಗೆ ಹೋಯ್ತು, ತೂತಿನಿಂದ ಕೆಂಪು ಪುಡಿ ಮತ್ತು ಒದ್ದೆ ಮರಳು ಉದುರ್ತು. ಬಾಕ್ಸ್ ಪೈಪಿನ ತೊಂದರೆ ಇದೇ, ಹೊರಗಡೆ ಎಷ್ಟು ಕೋಟ್ ಹೊಡೆದ್ರೂ ಒಳಗೆ ಹೋದ ಉಪ್ಪುನೀರು ಹೊರಗೆ ಬರ್ಲಿಕ್ಕೆ ದಾರಿ ಇಲ್ಲದಿದ್ರೆ ಒಳಗಿಂದಲೇ ತಿಂತದೆ. ಆ ಪೈಪಿನಲ್ಲಿ ಕಾರಿಗೆ ಸಿಕ್ಕಿಸಿ ನಾನು ಹೈವೇಗೆ ಹೋಗುವವನಿದ್ದೆ.

ಮೂತಿ ಪೂರ್ತಿ ಕತ್ತರಿಸಿ ತೆಗೆದು ಹೊಸ ಸಿ ಚಾನಲ್ ಎರಡು ತಂದು ವಿ ಆಕಾರದಲ್ಲಿ ವೆಲ್ಡ್ ಮಾಡಿದ್ದು. ಚಾನಲ್ ಯಾಕಂದ್ರೆ ಒಂದು ಕಡೆ ತೆರೆದೇ ಇರ್ತದೆ, ಪೈಪ್ ಹಿಡಿದು ತೊಳೀಬಹುದು, ಬ್ರಶ್ ಹೋಗ್ತದೆ, ತುಕ್ಕು ಬಂದ್ರೆ ಕಣ್ಣಿಗೆ ಕಾಣ್ತದೆ. ಉಳಿದ ಬಾಕ್ಸ್ ಪೈಪ್‌ಗಳಿಗೆ ತಗ್ಗು ಇರುವ ಕಡೆ 10 ಎಂಎಂ ತೂತು ಹೊಡೆದು ನೀರು ಇಳಿಯುವ ಹಾಗೆ ಮಾಡಿದೆವು. ಗ್ರೈಂಡ್ ಮಾಡಿ ರೆಡ್ ಆಕ್ಸೈಡ್, ಮೇಲೆ ಎರಡು ಕೋಟ್ ಎಪಾಕ್ಸಿ. ಬಿಸಿ ಸತುವಿನ ಗ್ಯಾಲ್ವನೈಸಿಂಗ್ ಮಾಡಿಸುದೇ ಸರಿಯಾದ ದಾರಿ, ಆದ್ರೆ ಇಡೀ ಫ್ರೇಮ್ ಬಿಚ್ಚಿ ಕಳಿಸ್ಬೇಕು, ಅದು ಮುಂದೆ ನೋಡುವ ಅಂತ ಬಿಟ್ಟೆ.

ಕಾರಿನ ಕಡೆ ಕೆಲಸ ಸುಲಭ ಇತ್ತು. ಟ್ರೈಲರ್ ಸಿಕ್ಕಿಸುವ ಟೋ ಬಾರ್ ಬಂಪರಿಗೆ ಅಲ್ಲ, ಚಾಸಿಯ ಎರಡು ಉದ್ದ ತೊಲೆಗೆ ದಪ್ಪ ಪ್ಲೇಟ್ ಕೊಟ್ಟು 12 ಎಂಎಂ ಹೈಟೆನ್ಸೈಲ್ ಬೋಲ್ಟ್ ಹಾಕಿ ಬಿಗಿದದ್ದು. ಚಾಸಿಗೆ ವೆಲ್ಡಿಂಗ್ ಮಾತ್ರ ಬೇಡ ಅಂತ ಭಾವ ಗಟ್ಟಿಯಾಗಿ ಹೇಳಿದ್ರು, ಕಾಯಿಸಿದ ಜಾಗದಲ್ಲೇ ಮುಂದೆ ಬಿರುಕು ಬಿಡುದು. 50 ಎಂಎಂ ಬಾಲ್, ಟ್ರೈಲರ್ ನೆಲಕ್ಕೆ ಸಮ ನಿಲ್ಲುವಷ್ಟು ಎತ್ತರದಲ್ಲಿ. ಎರಡು ಸರಪಳಿ ಮೂತಿಯ ಅಡಿಯಲ್ಲಿ ಕತ್ತರಿ ಹಾಕಿ ಕಟ್ಟುದು, ಕಪ್ಲರ್ (ಬಾಲ್ ಮೇಲೆ ಕೂರುವ ಮೂತಿಯ ತುದಿ) ಬಾಲ್‌ನಿಂದ ಹಾರಿದ್ರೂ ಮೂತಿ ನೆಲಕ್ಕೆ ಬಡಿಯದೆ ಸರಪಳಿ ತೊಟ್ಟಿಲಲ್ಲಿ ಕೂತ್ಕೊಳ್ತದೆ.

ಮೊದಲ ಸಲ ಎಳೆದದ್ದು ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ, ನಾನು ಮತ್ತು ಭಾವ. ಕಾವೂರಿಂದ ಕೂಳೂರಿಗೆ ಬಂದು ಸೇತುವೆ ದಾಟಿ ಹೈವೇ 66ರಲ್ಲಿ ಉತ್ತರಕ್ಕೆ. ಪಣಂಬೂರು, ಬೈಕಂಪಾಡಿ, ಸುರತ್ಕಲ್ ತನಕ 40ರಲ್ಲೇ ಹೋದೆವು, ಕಾರಿಗೆ ಹಿಂದೆ ಎಂತಾದ್ರೂ ಉಂಟು ಅಂತಲೇ ಗೊತ್ತಾಗ್ಲಿಲ್ಲ. ಮುಕ್ಕ ದಾಟಿ ರಸ್ತೆ ಖಾಲಿ ಸಿಕ್ತು, 60ಕ್ಕೆ ಹೋಯ್ತು. ಹಳೆಯಂಗಡಿ ಕಳೆದು ಮೂಲ್ಕಿ ಕಡೆ ಹೋಗುವಾಗ ಒಂದು ಗ್ಯಾಸ್ ಟ್ಯಾಂಕರ್ ಓವರ್‌ಟೇಕ್ ಮಾಡ್ತು. ಅದರ ಗಾಳಿ ಮೊದ್ಲು ದೋಣಿಯನ್ನು ಆಚೆ ನೂಕಿತು, ಆಮೇಲೆ ಟ್ಯಾಂಕರ್ ಮುಂದೆ ಹೋದ ಹಾಗೆ ಈಚೆ ಎಳೀತು. ಕನ್ನಡಿಯಲ್ಲಿ ನೋಡ್ತೇನೆ, ಎಡದ ಹಲ್ ಕಾಣ್ತದೆ, ಮರೆಯಾಗ್ತದೆ, ಬಲದ ಹಲ್ ಕಾಣ್ತದೆ, ಮರೆಯಾಗ್ತದೆ, ಪ್ರತಿ ಸಲ ಮೊದಲಿಗಿಂತ ಜಾಸ್ತಿ ಹೊರಗೆ, ಹಿಂದಿನಿಂದ ಯಾರೋ ಕಾರಿನ ಸೊಂಟ ಹಿಡಿದು ಅಲ್ಲಾಡಿಸಿದ ಹಾಗೆ ಸ್ಟೇರಿಂಗ್‌ಗೆ ಬರ್ತಾ ಉಂಟು. ಕಾಲು ಬ್ರೇಕಿಗೆ ಹೋಗಿಯೇ ಬಿಟ್ಟಿತ್ತು. ಭಾವ "ಬ್ರೇಕ್ ಬೇಡ, ಬ್ರೇಕ್ ಬೇಡ, ಎಕ್ಸಲೇಟರ್ ಮಾತ್ರ ಬಿಡಿ" ಅಂತ ಕಿರುಚಿದ್ರು. ಸ್ಟೇರಿಂಗ್ ನೇರ ಹಿಡಿದು ಎಕ್ಸಲೇಟರ್ ಬಿಟ್ಟೆ, 45ಕ್ಕೆ ಇಳಿಯುವಾಗ ತನ್ನಷ್ಟಕ್ಕೆ ನಿಂತಿತು. ಅಲ್ಲೇ ಬದಿಗೆ ಹಾಕಿ ಐದು ನಿಮಿಷ ಇಬ್ಬರೂ ಮಾತಾಡ್ಲಿಲ್ಲ. ಕೈ ನಡುಗ್ತಾ ಇತ್ತು. ಎದುರಿಂದ ಒಂದು ಬೈಕಿನಲ್ಲಿ ಗಂಡ ಹೆಂಡ್ತಿ ಮಗು ಹೋದ್ರು, ಅದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. 30ರಲ್ಲಿ ವಾಪಸ್ ಮನೆಗೆ ಬಂದೆವು.

ಕಾರಣ ಹುಡುಕ್ಲಿಕ್ಕೆ ದೊಡ್ಡ ಮಿಷನ್ ಬೇಡ. ದೋಣಿ ಸಮೇತ ಟ್ರೈಲರನ್ನು ವೇ ಬ್ರಿಡ್ಜಿನಲ್ಲಿ ತೂಗಿಸಿದೆ, 340 ಕೆಜಿ. ಟ್ರೈಲರ್ 150, ದೋಣಿ 145, ಹಾಯಿ, ಹಗ್ಗ, ಲೈಫ್ ಜಾಕೆಟ್ ಇರುವ ಪೆಟ್ಟಿಗೆ 25, ಉಳಿದ 20 ಕೆಜಿ ವರ್ಷಗಟ್ಟಲೆ ಹಲ್ ಒಳಗಿನ ಫೋಮ್ ಕುಡಿದ ನೀರು ಅಂತ ನನ್ನ ಅಂದಾಜು. ಆಮೇಲೆ ಮನೆಯಲ್ಲಿ ನಾವು ತೂಕ ನೋಡುವ ಸಣ್ಣ ಮಿಷನನ್ನು ಹೊರಗೆ ತಂದು, ಬಾಲ್ ಎಷ್ಟು ಎತ್ತರದಲ್ಲಿ ಉಂಟೋ ಅಷ್ಟಕ್ಕೆ ಕೆಂಪು ಕಲ್ಲು, ಹಲಗೆ ಪೇರಿಸಿ, ಮೂತಿಯನ್ನು ಅದರ ಮೇಲೆ ಕೂರಿಸಿದೆ. 11 ಕೆಜಿ! 340ರಲ್ಲಿ 11 ಅಂದ್ರೆ ನೂರಕ್ಕೆ ಮೂರು. ಮೂತಿಯ ಭಾರ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಇರ್ಬೇಕು, ಕಡಿಮೆ ಆದ್ರೆ ಟ್ರೈಲರ್ ಬಾಲ ಅಲ್ಲಾಡಿಸ್ತದೆ, ಜಾಸ್ತಿ ಆದ್ರೆ ಕಾರಿನ ಹಿಂದಿನ ಭಾಗ ಕುಸಿದು ಮುಂದಿನ ಚಕ್ರ ಹಗುರ ಆಗ್ತದೆ. ಮಾಸ್ಟ್ ಹಿಂದೆ ಉದ್ದಕ್ಕೆ ಹೊರಗೆ ಚಾಚಿಕೊಂಡಿದೆ, ದೋಣಿಯೂ ಆಕ್ಸಲ್‌ನಿಂದ ಹಿಂದೆ ಕೂತಿದೆ, ಮುಂದೆ ಭಾರವೇ ಇಲ್ಲ. ಮಕ್ಕಳ ಏರುಪೇರು ಆಟದ ಹಲಗೆ ತರ, ನಡುವಿನ ಗೂಟ ಎಲ್ಲಿ ಉಂಟು ಅನ್ನುದೇ ವಿಷಯ.

ದೋಣಿಯನ್ನು ಮುಂದೆ ಸರಿಸ್ಬಹುದಿತ್ತು, ಆದ್ರೆ ಸರಿಸಿದ್ರೆ ತಿರುವಿನಲ್ಲಿ ಹಲ್‌ನ ಮೂತಿ ಕಾರಿನ ಹಿಂದಿನ ಲೈಟಿಗೆ ಬರ್ತದೆ, ಯಾಕಂದ್ರೆ ದೋಣಿ ಕಾರಿಗಿಂತ ಅಗಲ. ಆದ್ದರಿಂದ ಆಕ್ಸಲನ್ನೇ ಹಿಂದೆ ತಗೊಂಡು ಹೋಗುದು ಅಂತ ಆಯ್ತು. ಕಪ್ಲರಿಂದ ಆಕ್ಸಲ್‌ಗೆ 3.6 ಮೀಟರ್ ಇತ್ತು. ಮಗಳು ಪಿಯುಸಿ ಸೈನ್ಸ್, ಅವಳ ಹತ್ರ ಲೆಕ್ಕ ಹಾಕಿಸಿದೆ, ಟಾರ್ಕ್ ಪಾಠ ಅವಳಿಗೆ ಆಗಷ್ಟೇ ಮುಗಿದಿತ್ತು. 11 ಕೆಜಿ ಮೂತಿ ಭಾರ ಅಂದ್ರೆ ಭಾರದ ಕೇಂದ್ರ ಆಕ್ಸಲ್‌ನಿಂದ ಮುಂದೆ ಬರೀ 12 ಸೆಂಟಿಮೀಟರ್ ಹತ್ತಿರ, 40 ಕೆಜಿ ಬೇಕಾದ್ರೆ ಆಕ್ಸಲ್ 35 ಸೆಂಟಿಮೀಟರ್ ಹಿಂದೆ ಹೋಗ್ಬೇಕು ಅಂತ ಬಂತು. ಸ್ಪ್ರಿಂಗ್ ಪಟ್ಟಿಯ ನಾಲ್ಕು ಹ್ಯಾಂಗರ್ ಕತ್ತರಿಸಿ ಹಿಂದೆ ಹೊಸದಾಗಿ ಕೂರಿಸಿದ್ದು, ಕೂರಿಸುವ ಮೊದ್ಲು ಕಪ್ಲರ್‌ನಿಂದ ಎಡಚಕ್ರದ ನಡುವಿಗೆ, ಬಲಚಕ್ರದ ನಡುವಿಗೆ ಟೇಪ್ ಹಿಡಿದು ಎರಡೂ ಒಂದೇ ಬರುವ ತನಕ ತಟ್ಟಿ ತಟ್ಟಿ ಸರಿ ಮಾಡಿದೆವು, ಇಲ್ಲಾಂದ್ರೆ ಟ್ರೈಲರ್ ಏಡಿ ತರ ಓರೆ ಓಡ್ತದೆ, ಟಯರ್ ಸವೀತದೆ. ಎಲ್ಲ ಆಗಿ ತೂಗಿದ್ರೆ 35 ಕೆಜಿ ಮಾತ್ರ. ಮಗಳು ಸ್ವಲ್ಪ ಹೊತ್ತು ಪುಸ್ತಕ ನೋಡಿ ಆಮೇಲೆ ಹೇಳಿದ್ಲು, "ಪಪ್ಪ, ಆಕ್ಸಲ್, ಚಕ್ರ, ಸ್ಪ್ರಿಂಗ್ ಎಲ್ಲ ಸೇರಿ 60 ಕೆಜಿ ಇರ್ಬಹುದು, ಅದೂ ಹಿಂದೆ ಹೋಯ್ತಲ್ಲ, ಅದನ್ನು ನಾನು ಸೇರಿಸ್ಲೇ ಇಲ್ಲ." ಸರಿ ಇತ್ತು. ಉಳಿದ 5 ಕೆಜಿಗೆ ಹಾಯಿ ಪೆಟ್ಟಿಗೆಯನ್ನು 80 ಸೆಂಟಿಮೀಟರ್ ಮುಂದೆ ತಂದು ಬೋಲ್ಟ್ ಮಾಡಿದೆವು. ಮಿಷನ್ ಮುಳ್ಳು 40ಕ್ಕೆ ಬಂತು. ಆ ದಿನ ಮನೆಯಲ್ಲಿ ಎಲ್ಲರಿಗೂ ಖುಷಿ.

ಮತ್ತೆ ಅದೇ ರಸ್ತೆಯಲ್ಲಿ, ಅದೇ ಹೊತ್ತಿಗೆ, 60ರಲ್ಲಿ ಹೋಗಿ ನೋಡಿದೆವು. ಟ್ಯಾಂಕರ್ ಪಕ್ಕದಲ್ಲಿ ಹೋದಾಗ ಒಂದು ಸಲ ಆಚೆ ಹೋಗಿ ವಾಪಸ್ ಬಂದು ನಿಂತಿತು, ಅಷ್ಟೇ. ಆದ್ರೂ 60ರ ಮೇಲೆ ನಾನು ಹೋಗುದಿಲ್ಲ, ಟ್ರೈಲರಿಗೆ ಅದರದ್ದೇ ಬ್ರೇಕ್ ಇಲ್ಲ.

ಬೇರಿಂಗ್ ವಿಷಯಕ್ಕೆ ಬರ್ತೇನೆ. ಆ ಎರಡನೇ ಟ್ರಯಲಿನಲ್ಲಿ ಮನೆಗೆ ಬಂದು ಹಬ್ (ಚಕ್ರದ ನಡುವೆ ಬೇರಿಂಗ್ ಕೂರುವ ಭಾಗ) ಮುಟ್ಟಿ ನೋಡಿದ್ರೆ ಬಲಗಡೆಯದ್ದು ಕೈ ಇಡ್ಲಿಕ್ಕೆ ಆಗದಷ್ಟು ಬಿಸಿ, ಎಡದ್ದು ಬೆಚ್ಚಗೆ. ಟ್ರೈಲರಿಗೆ 12 ಇಂಚಿನ ಸಣ್ಣ ಚಕ್ರ, 145 ಟಯರ್. ಕಾರಿನ ಚಕ್ರ ಐದು ಸುತ್ತು ಹೋಗುವಾಗ ಇದು ಆರು ಸುತ್ತು ಹೋಗ್ಬೇಕು, ಹಾಗಾಗಿ ಬೇರಿಂಗಿಗೆ ಕೆಲಸ ಜಾಸ್ತಿ. ಜಾಕ್ ಕೊಟ್ಟು ಚಕ್ರ ಕೈಯಲ್ಲಿ ತಿರುಗಿಸಿದ್ರೆ ಬೀಸುವ ಕಲ್ಲಿನ ಶಬ್ದ. ಡಸ್ಟ್ ಕ್ಯಾಪ್ ತೆಗೆದ ಕೂಡ್ಲೇ ಗೊತ್ತಾಯ್ತು, ಗ್ರೀಸ್ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣಕ್ಕೆ ತಿರುಗಿ ನೀರಾಗಿದೆ. ಅಂದ್ರೆ ಒಳಗೆ ನೀರು ಹೋಗಿದೆ. ಇದು ಹೇಗೆ ಆಗುದು ಅಂದ್ರೆ, ಮೂವತ್ತು ನಲ್ವತ್ತು ಕಿಲೋಮೀಟರ್ ಓಡಿ ಹಬ್ ಬಿಸಿ ಆಗಿರ್ತದೆ, ಒಳಗಿನ ಗಾಳಿ ಹಿಗ್ಗಿರ್ತದೆ, ಹಾಗೇ ಸೀದಾ ನೀರಿಗೆ ಇಳಿಸಿದ್ರೆ ಹಬ್ ಒಮ್ಮೆಗೆ ತಣ್ಣಗಾಗಿ ಒಳಗಿನ ಗಾಳಿ ಕುಗ್ತದೆ, ಆಗ ಸೀಲ್ ಬದಿಯಿಂದ ಉಪ್ಪುನೀರನ್ನು ಒಳಗೆ ಎಳ್ಕೊಳ್ತದೆ. ಸಿರಿಂಜಿನ ಹಾಗೆ. ಹಿಂದಿನವರು ವರ್ಷಗಟ್ಟಲೆ ಹೀಗೆ ಮಾಡಿದ್ದಿರ್ಬೇಕು.

ನಟ್ ಬಿಚ್ಚಿ ಹಬ್ ಎಳೆದ್ರೆ ಹೊರಗಿನ ಬೇರಿಂಗ್ ಕೈಗೆ ಬಂತು. ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದು ರೋಲರ್ ಒಂದೊಂದೇ ತಿರುಗಿಸಿ ನೋಡಿದೆ, ನಯವಾಗಿ ಕನ್ನಡಿ ತರ ಇರ್ಬೇಕಾದ ಮೈಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಕಪ್ಪು ಗುಳಿಗಳು, ಸಾಲಾಗಿ, ಒಂದು ರೋಲರ್ ಬಿಟ್ಟು ಒಂದು ರೋಲರಿಗೆ ಅಲ್ಲ, ಎಲ್ಲದಕ್ಕೂ ಒಂದೇ ಬದಿಯಲ್ಲಿ, ಅಂದ್ರೆ ದೋಣಿ ನಿಂತಲ್ಲೇ ತಿಂಗಳುಗಟ್ಟಲೆ ನಿಂತಿದ್ದಾಗ ನೀರು ಕೂತ ಗುರುತು. ರೋಲರ್ ಓಡುವ ಹೊರಗಿನ ಬಳೆ, ಅಂದ್ರೆ ಕಪ್, ಅದರಲ್ಲೂ ಅದೇ ಗುರುತು. ಬೇರಿಂಗ್ ಬದಲಾಯಿಸಿ ಕಪ್ ಹಾಗೇ ಬಿಟ್ರೆ ಪ್ರಯೋಜನ ಇಲ್ಲ, ಎರಡೂ ಒಟ್ಟಿಗೇ ಬದಲಾಯಿಸ್ಬೇಕು. ಹಿತ್ತಾಳೆ ಸಲಾಕೆ ಇಟ್ಟು ಕಪ್ಪನ್ನು ಎದುರು ಬದುರು ಸಮ ಬಡಿದು ಹೊರಗೆ ತೆಗೆದೆ, ಕಬ್ಬಿಣದ ಸಲಾಕೆ ಇಟ್ರೆ ಹಬ್ಬಿಗೆ ಗೀರು ಬೀಳ್ತದೆ.

ಗ್ರೀಸ್ ತುಂಬಿಸುದನ್ನು ನಾನು ಸುರತ್ಕಲ್‌ನ ಒಬ್ರು ಹಿರಿಯ ಮೆಕ್ಯಾನಿಕ್ ಹತ್ರ ಕಲಿತದ್ದು. ಎಡಗೈ ಅಂಗೈಯಲ್ಲಿ ನಿಂಬೆ ಗಾತ್ರದ ಗ್ರೀಸ್ ಇಟ್ಟು, ಬಲಗೈಯಲ್ಲಿ ಬೇರಿಂಗ್ ಹಿಡಿದು, ಅದರ ಅಗಲದ ಅಂಚನ್ನು ಅಂಗೈಗೆ ಒತ್ತಿ ಒತ್ತಿ ಎಳೀತಾ ಹೋಗುದು, ಆಚೆ ಬದಿಯಿಂದ ರೋಲರ್ ಸಂದಿನಲ್ಲಿ ಗ್ರೀಸ್ ಶಾವಿಗೆ ತರ ಹೊರಗೆ ಬರುವ ತನಕ. ಆಮೇಲೆ ಸ್ವಲ್ಪ ತಿರುಗಿಸಿ ಪುನಃ. ಮೇಲಿಂದ ಸವರಿದ್ರೆ ಹೊರಗೆ ಮಾತ್ರ ಚಂದ, ಒಳಗೆ ಖಾಲಿ ಇರ್ತದೆ. "ಅವಸರ ಮಾಡ್ಬೇಡಿ, ಅಂಗೈಗೆ ಗೊತ್ತಾಗ್ತದೆ ತುಂಬಿದ್ದು" ಅಂದ್ರು ಅವ್ರು. ನೀರಿಗೆ ತೊಳೆದು ಹೋಗದ ಮರೈನ್ ಗ್ರೀಸ್ ಹಾಕಿದೆ. ಹಳೆ ಗ್ರೀಸ್ ಪೂರ್ತಿ ತೆಗೀದೆ ಹೊಸದನ್ನು ಬೆರೆಸ್ಬೇಡಿ, ಜಾತಿ ಬೇರೆ ಆದ್ರೆ ಎರಡೂ ಸೇರಿ ನೀರಾಗ್ಬಹುದು. ನಟ್ ಬಿಗಿ ಮಾಡುವಾಗ ಚಕ್ರ ತಿರುಗಿಸ್ತಾ ಬಿಗಿ ಮಾಡಿ, ಆಮೇಲೆ ಸ್ವಲ್ಪ ಸಡಿಲ ಬಿಟ್ಟು, ಸ್ಪ್ಲಿಟ್ ಪಿನ್ ಹಾಕಿ ಬಗ್ಗಿಸುದು. ಟಯರಿನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ್ರೆ ಇದೆಯೋ ಇಲ್ವೋ ಅನ್ನುವಷ್ಟು ಆಟ ಇರ್ಬೇಕು. ಎರಡೂ ಬದಿ ಬೇರಿಂಗ್, ಸೀಲ್, ಗ್ರೀಸ್ ಎಲ್ಲ ಸೇರಿ 2,400 ರೂಪಾಯಿ ಆಯ್ತು. ಹೈವೇಯಲ್ಲಿ ಚಕ್ರ ಕಳಚಿ ಹೋದ್ರೆ ಆಗುವ ನಷ್ಟದ ಎದುರು ಅದು ಎಂತದೂ ಅಲ್ಲ.

ಲೈಟಿನದ್ದು ಬೇರೆ ಕತೆ. ಎಡ ಇಂಡಿಕೇಟರ್ ಹಾಕಿದ್ರೆ ಎರಡೂ ಬದಿ ಮಿಣಮಿಣ, ಬ್ರೇಕ್ ಒತ್ತಿದ್ರೆ ಪಾರ್ಕಿಂಗ್ ಲೈಟ್ ಆರಿ ಹೋಗ್ತದೆ. ಬಲ್ಬ್ ಬದಲಾಯಿಸಿದೆ, ಪ್ಲಗ್ ಬದಲಾಯಿಸಿದೆ, ಎರಡು ಸಂಜೆ ಹೋಯ್ತು. ಕೊನೆಗೆ ನೋಡಿದ್ರೆ ಅರ್ತ್ ವಯರೇ ಇಲ್ಲ, ಹಿಂದಿನವರು ಟ್ರೈಲರ್ ಫ್ರೇಮಿಗೆ ಕೊಟ್ಟು ಬಾಲ್ ಮೂಲಕ ಕಾರಿಗೆ ಬರ್ಲಿ ಅಂತ ಬಿಟ್ಟಿದ್ದಾರೆ. ಬಾಲ್ ಮೇಲೆ ಗ್ರೀಸ್, ಕಪ್ಲರ್ ಒಳಗೆ ತುಕ್ಕು, ಕರೆಂಟ್ ವಾಪಸ್ ಹೋಗುದೆಲ್ಲಿಂದ? ದಾರಿ ಸಿಗದೆ ಇನ್ನೊಂದು ಬಲ್ಬಿನ ಮೂಲಕ ಹೋಗ್ತಾ ಇತ್ತು. ಪ್ರತಿ ಲೈಟಿನಿಂದ ಬೇರೆ ಅರ್ತ್ ವಯರ್ ಎಳೆದು ಪ್ಲಗ್ಗಿನ ಪಿನ್ನಿಗೇ ಕೊಟ್ಟೆ, ಅಲ್ಲಿಗೆ ಸರಿ ಆಯ್ತು. ಲೈಟನ್ನು ಟ್ರೈಲರಿಗೆ ಕೂರಿಸ್ಲೇ ಇಲ್ಲ, ಒಂದು ಹಲಗೆಗೆ ಎರಡು ಎಲ್‌ಇಡಿ ಲೈಟ್, ನಂಬರ್ ಪ್ಲೇಟ್ ಎಲ್ಲ ಕೂರಿಸಿ, ಆ ಹಲಗೆಯನ್ನು ಹಲ್‌ಗಳ ಹಿಂದಿನ ತುದಿಗೆ ಕಟ್ಟುದು. ಹಿಂದಿನಿಂದ ಬರುವವರಿಗೆ ದೋಣಿಯ ನಿಜವಾದ ಅಗಲ ಕಾಣ್ತದೆ, ದಡಕ್ಕೆ ಬಂದ ಮೇಲೆ ಬಿಚ್ಚಿ ಕಾರೊಳಗೆ ಇಡುದು. ಮಾಸ್ಟ್ ಅದರಿಂದಲೂ ಒಂದೂಮುಕ್ಕಾಲು ಮೀಟರ್ ಹಿಂದೆ ಬರ್ತದೆ, ಅದರ ತುದಿಗೆ ಕೆಂಪು ಬಟ್ಟೆ ಮತ್ತು ಒಂದು ಸಣ್ಣ ಕೆಂಪು ಲೈಟ್. ಕಾರಿನ ಮೂತಿಯಿಂದ ಮಾಸ್ಟ್ ತುದಿ ತನಕ 13 ಮೀಟರ್ ಆಗ್ತದೆ, ಹಾಗಾಗಿ ಕತ್ತಲಲ್ಲಿ ಎಳೆಯುದಿಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೇನೆ.

ಹಲ್ ಕೂರುವ ತೊಟ್ಟಿಲು ಸಿಕ್ಕಿದಲ್ಲಿ ಇಡುದಲ್ಲ. ಮುಂದಿನ ಹಿಂದಿನ ಅಡ್ಡ ತೊಲೆಯ ಕಾಲು ಹಲ್‌ಗೆ ಇಳಿಯುವ ಜಾಗದ ನೇರ ಕೆಳಗೆ ಬರ್ಬೇಕು, ಅಲ್ಲಿ ಮಾತ್ರ ಫೈಬರ್ ಗಟ್ಟಿ. ನಡುವಿನಲ್ಲಿ ಕೊಟ್ರೆ ರಸ್ತೆ ಹೊಂಡದಲ್ಲಿ ಕುಣಿದು ಕುಣಿದು ಒಳಗಿನ ಫೋಮ್ ಬಿಟ್ಟು ಹೋಗ್ತದೆ, ಒತ್ತಿದ್ರೆ ಮೆತ್ತಗೆ ಆಗ್ತದೆ. ಕಟ್ಟುದೂ ಅಷ್ಟೇ, ಹಲ್ ಮೇಲಿಂದ ರ‍್ಯಾಚೆಟ್ ಬೆಲ್ಟ್ ಹಾಕಿ ಎಳೆದ್ರೆ ಹಲ್ ಒಡೀಬಹುದು, ಅಲ್ಯೂಮಿನಿಯಂ ತೊಲೆಗೇ ಕಟ್ಬೇಕು. ಬೆಲ್ಟನ್ನು ಕಟ್ಟುವ ಮೊದ್ಲು ಒಂದು ಸುತ್ತು ತಿರುಚಿ. ಚಪ್ಪಟೆ ಇಟ್ರೆ ಗಾಳಿಗೆ ಗುಂಯ್ ಅಂತ ಇಡೀ ದಾರಿ ಕೂಗ್ತದೆ, ಅದೇ ನಡುಕದಲ್ಲಿ ಬಕಲ್ ಸಡಿಲ ಆಗ್ತದೆ. ಹತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಎಲ್ಲ ಗಂಟು ಮುಟ್ಟಿ ನೋಡ್ಬೇಕು, ಹೊಸ ಹಗ್ಗ ಖಂಡಿತ ಸಡಿಲ ಆಗಿರ್ತದೆ.

ರಿವರ್ಸ್ ಕಲೀಲಿಕ್ಕೆ ಎರಡು ಭಾನುವಾರ ಖಾಲಿ ಮೈದಾನಕ್ಕೆ ಹೋದೆವು. ಸ್ಟೇರಿಂಗಿನ ಕೆಳಗಿನ ತುದಿಯನ್ನು ಹಿಡ್ಕೊಳ್ಳಿ, ಟ್ರೈಲರ್ ಯಾವ ಕಡೆ ಹೋಗ್ಬೇಕೋ ಕೈಯನ್ನು ಆ ಕಡೆ ತಗೊಂಡು ಹೋಗಿ, ಅಷ್ಟೇ. ಇದು ಗೊತ್ತಾದ ಮೇಲೆ ತಲೆ ಗೊಂದಲ ಹೋಯ್ತು.

ನೀರಿಗೆ ಮೊದಲು ಹಾಕಿದ್ದು ಹೆಜಮಾಡಿ ಕೋಡಿ ಕಡೆ, ಶಾಂಭವಿ ಹೊಳೆಯಲ್ಲಿ. ಅಳಿವೆ ಬಾಗಿಲಿನ ಹತ್ರ ಸೆಳೆತ ಜೋರು, ಅಲ್ಲಿಗೆ ಹೋಗ್ಲಿಕ್ಕಿಲ್ಲ, ಒಳಗೆ ಹೊಳೆ ಅಗಲ ಇರುವಲ್ಲಿ. ಸಿಮೆಂಟ್ ಇಳಿಜಾರು ಇಲ್ಲ, ಗಟ್ಟಿ ಮಣ್ಣು ಮುಗಿದಲ್ಲಿಂದ ಮರಳು. ಕಾರನ್ನು ಮರಳಿಗೆ ಇಳಿಸುವ ಅಂತ ನಾನು ಯೋಚನೆ ಮಾಡುವಾಗ ದಡದಲ್ಲಿ ಬಲೆ ಹೆಣೀತಾ ಕೂತಿದ್ದ ಒಬ್ರು ಅಜ್ಜ ಎದ್ದು ಬಂದ್ರು. ಹಿಂದಿನ ಚಕ್ರದ ಹತ್ರ ಕಾಲಿನಿಂದ ಮರಳು ಕೆದಕಿ ತೋರಿಸಿ "ಮೇಲೆ ಗಟ್ಟಿ, ಅಡಿಯಲ್ಲಿ ನೀರು ಉಂಟು, ಇಳಿಸಿದ್ರೆ ಸಂಜೆ ತನಕ ಇಲ್ಲೇ" ಅಂದ್ರು. ಆಮೇಲೆ ದೋಣಿಯನ್ನು ಒಂದು ಸುತ್ತು ಹಾಕಿ ನೋಡಿ, ಹೆಸರು ಕೇಳಿದ್ರು. ಕ್ಯಾಟಮರಾನ್, ತಮಿಳಿನ ಕಟ್ಟುಮರದಿಂದ ಬಂದ ಹೆಸರು ಅಜ್ಜ ಅಂದೆ. "ಮರ ಎಲ್ಲಿ ಉಂಟು, ಎಲ್ಲ ಪ್ಲಾಸ್ಟಿಕ್ಕು" ಅಂತ ಹಲ್ ತಟ್ಟಿದ್ರು. ಅವರ ಅಪ್ಪನ ಕಾಲದಲ್ಲಿ ಇಲ್ಲಿ ಹಾಯಿ ಹಾಕಿಯೇ ಮೀನಿಗೆ ಹೋಗುದಿತ್ತಂತೆ. ಅವರೇ ಇನ್ನು ಇಬ್ಬರನ್ನು ಕರೆದ್ರು, ನಾವು ಮೂರು ಜನ, ಆರು ಜನ ಸೇರಿ ಟ್ರೈಲರ್ ಮೇಲಿಂದಲೇ ದೋಣಿ ಎತ್ತಿ ಸಣ್ಣ ತಳ್ಳುಗಾಡಿಗೆ ಇಟ್ಟು ನೀರಿಗೆ ತಳ್ಳಿದೆವು. 145 ಕೆಜಿ ಅಂದ್ರೆ ಒಬ್ರಿಗೆ 25 ಕೆಜಿ ಕೂಡ ಬರುದಿಲ್ಲ.

ನಿಜ ಹೇಳ್ಬೇಕಂದ್ರೆ ಅಲ್ಲಿಗೆ ನನ್ನ ಇಡೀ ಪ್ಲಾನ್ ಬದಲಾಯ್ತು. ಟ್ರೈಲರನ್ನು ನೀರಿಗೆ ಇಳಿಸುದೇ ಬೇಡ! ನೀರಿಗೆ ಇಳೀದಿದ್ರೆ ಬೇರಿಂಗಿಗೆ ಉಪ್ಪಿಲ್ಲ, ಫ್ರೇಮಿಗೆ ಉಪ್ಪಿಲ್ಲ. ತಳ್ಳುಗಾಡಿಗೆ ಹಳೆ ಸ್ಕೂಟರಿನ ಎರಡು ಅಗಲದ ಚಕ್ರ, ಗಾಳಿ ಅರ್ಧ ಇಳಿಸಿ, ಸ್ಟೀಲ್ ಆಕ್ಸಲ್. ಒದ್ದೆ ಮರಳಲ್ಲಿ ಚೆನ್ನಾಗಿ ಹೋಗ್ತದೆ, ಒಣ ಮರಳಲ್ಲಿ ಹೂತು ಹೋಗ್ತದೆ, ಅಲ್ಲಿಗೆ ಎರಡು ಹಲಗೆ ತಗೊಂಡು ಹೋಗ್ತೇವೆ.

ಮಾಸ್ಟ್ ಎತ್ತುವ ಬಗ್ಗೆ ಒಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ನಮ್ಮ ಕರಾವಳಿಯಲ್ಲಿ ತೆಂಗಿನ ತೋಟದ ನಡುವೆ, ದಡದ ರಸ್ತೆ ಬದಿಯಲ್ಲಿ ಕರೆಂಟ್ ಲೈನ್ ಎಲ್ಲಿ ಜೋತು ಬಿದ್ದಿರ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ. ಟ್ರೈಲರ್ ಮೇಲೆ ನಿಲ್ಲಿಸಿದ್ರೆ ಮಾಸ್ಟ್ ತುದಿ ಹತ್ತು ಮೀಟರ್ ಹತ್ತಿರ ಹೋಗ್ತದೆ, ಅದು ಅಲ್ಯೂಮಿನಿಯಂ, ಹಿಡಿದವರು ಒದ್ದೆ ಕಾಲಲ್ಲಿ. ನಾವು ಕಾರ್ ನಿಲ್ಲಿಸಿದ ಜಾಗದಲ್ಲಿ ಮಾಸ್ಟ್ ಎತ್ತುದಿಲ್ಲ. ಬಯಲಿಗೆ ತಳ್ಳಿಕೊಂಡು ಹೋಗಿ, ನಾನು ಮೇಲೆ ನೋಡಿ, ಮಗಳು ಮೇಲೆ ನೋಡಿ, ಇಬ್ಬರೂ "ಖಾಲಿ" ಅಂತ ಬಾಯಿಬಿಟ್ಟು ಹೇಳಿದ ಮೇಲೆಯೇ ಎತ್ತುದು. ವಾಪಸ್ ಬರುವಾಗಲೂ ಮಾಸ್ಟ್ ಇಳಿಸಿಯೇ ಕಾರಿನ ಕಡೆ.

ಏಪ್ರಿಲಿನಲ್ಲಿ ಮಲ್ಪೆಗೆ ಹೋದೆವು, ಇಷ್ಟರ ತನಕ ಅದೇ ದೂರದ್ದು, 60 ಕಿಲೋಮೀಟರ್ ಹತ್ತಿರ. ಹೆಂಡ್ತಿ, ಮಗಳು, ಭಾವ, ಅಕ್ಕ ಎಲ್ಲ ಒಂದೇ ಕಾರಲ್ಲಿ. ಹೆಜಮಾಡಿ ಟೋಲಲ್ಲಿ ಬದಿಯ ಅಗಲದ ಲೇನಿಗೆ ಹೋದೆ, ಭಾವ ಇಳಿದು ಹಲ್ ಪಕ್ಕದಲ್ಲಿ ನಡ್ಕೊಂಡು ಬಂದ್ರು. ಪಡುಬಿದ್ರಿಯಲ್ಲಿ ನಿಲ್ಲಿಸಿ ಚಾ ಕುಡಿದು ಗಂಟು ನೋಡಿ, ಹಬ್ ಮುಟ್ಟಿ, ಕಾಪು ಕಟಪಾಡಿ ಆಗಿ ಎಂಟೂವರೆಗೆ ಮಲ್ಪೆ. ಕರಾವಳಿ ಕಾವಲು ಪೊಲೀಸ್ ಠಾಣೆಗೆ ಹೋಗಿ ಎಷ್ಟು ಜನ, ಎಲ್ಲಿಂದ ಎಲ್ಲಿಗೆ, ಎಷ್ಟೊತ್ತಿಗೆ ವಾಪಸ್ ಅಂತ ಹೇಳಿಯೇ ನೀರಿಗೆ ಇಳಿದದ್ದು. ಬೆಳಿಗ್ಗೆ ಗಾಳಿ ದಡದಿಂದ ತೆಳ್ಳಗೆ ಇತ್ತು, ಹನ್ನೊಂದೂವರೆ ಆದ ಮೇಲೆ ವಾಯವ್ಯದಿಂದ ಕಡಲ ಗಾಳಿ ತುಂಬಿ ಬಂತು, ಮಗಳು ಚುಕ್ಕಾಣಿ ಹಿಡಿದಿದ್ಲು, ಬಲದ ಹಲ್ ನೀರಿನಿಂದ ಒಂದು ಅಡಿ ಎದ್ದಾಗ ಅವಳು ಹಾಕಿದ ಕೂಗು ದಡದಲ್ಲಿದ್ದ ಅವಳ ಅಮ್ಮನಿಗೆ ಕೇಳಿದ್ದಂತೆ.

ಸಂಜೆ ಬೆಳಕಿರುವಾಗಲೇ ಕಾವೂರಿಗೆ ಬಂದು ಮೊದ್ಲು ಮಾಡಿದ ಕೆಲಸ ಎರಡೂ ಹಬ್ಬಿಗೆ ಅಂಗೈ ಇಟ್ಟದ್ದು. ಎರಡೂ ಒಂದೇ ರೀತಿ ಬೆಚ್ಚಗೆ, ಚಾ ಲೋಟದ ಹೊರಮೈಯಷ್ಟೂ ಇಲ್ಲ. ಮೇ ಕೊನೆಗೆ ಬಲಗಡೆಯದ್ದು ಬಿಚ್ಚಿ ನೋಡಿದೆ, ಗ್ರೀಸ್ ಹಾಕಿದ ಬಣ್ಣದಲ್ಲೇ ಉಂಟು.

ಜೂನ್ 1ಕ್ಕೆ ಮೀನುಗಾರಿಕೆ ರಜೆ ಶುರು ಆಗಿ ದೋಣಿಗಳೆಲ್ಲ ದಡಕ್ಕೆ ಬಂದ ಹಾಗೆ ನಮ್ಮದೂ ಬಂತು. ಟ್ರೈಲರನ್ನು ನಾಲ್ಕು ಕೆಂಪು ಕಲ್ಲಿನ ಮೇಲೆ ಎತ್ತಿಟ್ಟು ಚಕ್ರ ಬಿಚ್ಚಿ ಒಳಗೆ ಇಟ್ಟಿದ್ದೇನೆ, ಸ್ಪ್ರಿಂಗ್ ಪಟ್ಟಿಗೆ ಹಳೆ ಇಂಜಿನ್ ಆಯಿಲ್ ಬಳಿದಾಗಿದೆ. ಹಲ್‌ಗಳ ಹಿಂದಿನ ಪ್ಲಗ್ ಎರಡೂ ಬಿಚ್ಚಿ ಮೂತಿ ಸ್ವಲ್ಪ ಎತ್ತರಕ್ಕೆ ಇಟ್ಟದ್ದು, ಒಳಗೆ ಎಂತ ನೀರಿದ್ರೂ ಇಳಿದು ಹೋಗ್ಲಿ ಅಂತ. ಎಡದ್ದರಿಂದ ನಿನ್ನೆ ಬೆಳಿಗ್ಗೆಯೂ ಒಂದೊಂದು ಹನಿ ಬೀಳ್ತಾ ಇತ್ತು, ಅಡಿಗೆ ಒಂದು ಲೋಟ ಇಟ್ಟಿದ್ದೇನೆ.